ಕೈ ಬಿಡುವ ಪಾಠ

"ವೀ ವನ್," ಎಂದರು ಪಕ್ಕದ ಸೀಟಿನ ತರಬೇತುದಾರರು. ಆ ಮಾತು ಕಿವಿಗೆ ಬಿದ್ದ ಮೇಲೆ ರನ್‌ವೇಯಲ್ಲಿ ಓಡುತ್ತಿರುವ ವಿಮಾನ ನಿಲ್ಲಿಸುವಂತಿಲ್ಲ, ಏನೇ ಕೆಟ್ಟರೂ ಹಾರಲೇಬೇಕು. ಅದಕ್ಕೇ ಎಂಜಿನ್ನಿನ ಹಿಡಿಕೆಯಾದ ಥ್ರಾಟಲ್ ಮೇಲಿಂದ ಕೈ ತೆಗೆದುಬಿಡಬೇಕು. ಪೈಲಟ್ ಆಗಲು ಹೊರಟ ಅವಳು ಈ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದು ಇಲ್ಲೇ. ಎಂಜಿನ್ ಕೆಟ್ಟಿತೆಂದು ದೀಪ ಹೊತ್ತಿದ್ದೇ ತಡ, ಬಿಡದೆ ಕೂತಿದ್ದ ಕೈ ಥ್ರಾಟಲ್ಲನ್ನು ಹಿಂದಕ್ಕೆಳೆದು, ಪರದೆಯ ಮೇಲಿನ ವಿಮಾನವನ್ನು ರನ್‌ವೇ ಆಚೆಯ ಬೇಲಿಗೆ ನುಗ್ಗಿಸಿತ್ತು. ಇಂದಿನದು ಕೊನೆಯ ಅವಕಾಶ.

ಆ ಕೈಗೆ ಬುದ್ಧಿ ಕಲಿಸಲು ಹೊರಟವಳು ಅಮ್ಮ, ವಿಮಾನದ ಗಂಧಗಾಳಿಯೂ ಇಲ್ಲದ ಟೈಲರ್. ಹದಿನೈದು ದಿನ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ, ಹೊತ್ತುಗೊತ್ತಿಲ್ಲದೆ "ವೀ ವನ್" ಅನ್ನುತ್ತಿದ್ದಳು. ಅಂದೊಡನೆ ಮಗಳು ಕೈಯಲ್ಲಿದ್ದದ್ದನ್ನು ಬಿಟ್ಟುಬಿಡಬೇಕು. ಬಾಚಣಿಗೆ ಬಿತ್ತು, ಪುಸ್ತಕ ಬಿತ್ತು, ಎರಡು ಗಾಜಿನ ಲೋಟ ಚೂರಾದವು.

"ಲೋಟ ಹೋಗ್ಲಿ ಬಿಡೇ," ಅಂದಿದ್ದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತಾ. "ಬಿಡೋಕ್ ಮುಂಚೆ ಯೋಚ್ನೆ ಮಾಡಿದ್ಯಲ್ಲ, ಅದು ತಪ್ಪು."

ಈಗ ಸಿಮ್ಯುಲೇಟರಿನಲ್ಲಿ ಕೆಂಪು ದೀಪ ಹೊತ್ತಿತು. ಗಂಟೆ ಬಡಿದುಕೊಂಡಿತು. ಎಡಗಡೆಯ ಎಂಜಿನ್ ಸತ್ತು ವಿಮಾನದ ಮೂಗು ಎಡಕ್ಕೆ ತಿರುಗಿತು. ಅವಳ ಬಲಗಾಲು ಪೆಡಲ್ ಒತ್ತಿ ಅದನ್ನು ನೆಟ್ಟಗೆ ಮಾಡಿತು. ರನ್‌ವೇ ಕೆಳಗಿಳಿಯಿತು, ಬೇಲಿ ಕಾಲಡಿಗೆ ಸರಿದುಹೋಯಿತು.

ತರಬೇತುದಾರರು ಥ್ರಾಟಲ್ ಕಡೆ ನೋಡಿದರು. ಅದರ ಮೇಲೆ ಯಾರ ಕೈಯೂ ಇರಲಿಲ್ಲ.

"ಕೈ ಯಾವಾಗ ತೆಗೆದ್ಯಮ್ಮ? ನಾನು ನೋಡ್ಲೇ ಇಲ್ಲ."

ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ವಿಮಾನವನ್ನು ಮೇಲಕ್ಕೆತ್ತುತ್ತಾ ಅವಳು ಎದುರಿನ ಆಕಾಶದಿಂದ ಕಣ್ಣು ಕೀಳಲಿಲ್ಲ.

"ನಾನೂ ನೋಡ್ಲಿಲ್ಲ ಸರ್."