ಮೊದಲ ಚಮಚ

ಎರಡು ಮಣ್ಣಿನ ಕುಡಿಕೆಗಳಲ್ಲಿ ತೋಫು ಸಾರು ಕೊತಕೊತ ಕುದಿಯುತ್ತಿದ್ದರೂ ಮಾಲ್ಸುನ್ ಚಮಚ ಮುಟ್ಟಲಿಲ್ಲ. ಎದುರಿಗೆ ಕೂತ ಮಗಳು ಹೇರಾನ್ ಕೂಡ ಮುಟ್ಟಲಿಲ್ಲ. ಹಿರಿಯರು ಮೊದಲ ಚಮಚ ಎತ್ತದೆ ಕಿರಿಯರು ಎತ್ತುವುದುಂಟೇ? ವಯಸ್ಸು ನಲವತ್ತಾರಾದರೂ ಹೇರಾನಳ ಕೈ ತೊಡೆಯ ಮೇಲೇ ಇತ್ತು.

ಅಪ್ಪ ತೀರಿಹೋಗಿ ಇವತ್ತಿಗೆ ಐವತ್ತು ದಿನ. ನಿನ್ನೆ ನಲವತ್ತೊಂಬತ್ತನೇ ದಿನದ ಪೂಜೆಯೂ ಮುಗಿಯಿತು. ಇಷ್ಟು ದಿನ ಅಮ್ಮ ತಿಂದದ್ದು ಗುಬ್ಬಿ ತಿಂದಷ್ಟು. ಮೂರು ಗಂಟೆಯ ಬಸ್ಸಿಗೆ ಹೇರಾನ್ ತಾನಿರುವ ಬುಸಾನ್‌ಗೆ ಹೊರಡಬೇಕು. ಅಮ್ಮ ಹೊಟ್ಟೆ ತುಂಬ ಉಣ್ಣುವುದನ್ನು ಕಣ್ಣಾರೆ ಕಾಣದೆ ಹೋಗಲು ಅವಳಿಗೆ ಮನಸ್ಸಿಲ್ಲ. ಅದಕ್ಕೇ ಬಲವಂತ ಮಾಡಿ ಛೋದಾಂಗ್ ಕೇರಿಯ ಈ ಹೋಟೆಲಿಗೆ ಎಳೆದು ತಂದಿದ್ದಳು. ಸೋಯಾ ಹಾಲಿಗೆ ಸಮುದ್ರದ ನೀರು ಹಾಕಿ ಒಡೆಸಿದ ಇಲ್ಲಿನ ತೋಫು ಎಂದರೆ ಅಪ್ಪನಿಗೆ ಪ್ರಾಣ.

ಪ್ರಾಣ ಅಂತ ಬಾಯಿಬಿಟ್ಟು ಹೊಗಳಿದ ಆಸಾಮಿಯಲ್ಲ. ಪ್ರತಿ ಭಾನುವಾರ ಬಂದು, ಮೊದಲ ಚಮಚ ಬಾಯಿಗಿಟ್ಟು, ಮುಖ ಹಿಂಡಿ, ತನ್ನಮ್ಮನಿಂದ ಹೋಟೆಲು ವಹಿಸಿಕೊಂಡು ಒಲೆ ಮುಂದೆ ನಿಂತ ಓಕ್ಬುನ್‌ಗೆ ಕೇಳುವಂತೆ, ನಿಮ್ಮಮ್ಮನ ಕೈರುಚಿ ನಿನಗೆ ಯಾವಾಗ ಬರುವುದು ಎನ್ನುತ್ತಿದ್ದ. ಮುಂದಿನ ಭಾನುವಾರ ಬನ್ನಿ, ಬಂದಿರುತ್ತೆ ಎಂದು ಅವಳೂ ಬಿಡದೆ ಹೇಳುತ್ತಿದ್ದಳು. ಇಪ್ಪತ್ತು ವರ್ಷ ಇದೇ ಕಥೆ. ಊರಿಗೆ ಬಂದಾಗಲೆಲ್ಲ ಆ ಗೊಣಗಾಟಕ್ಕೆ ನಾಚಿ ತಲೆ ತಗ್ಗಿಸುತ್ತಿದ್ದ ಹೇರಾನ್‌ಗೆ ಈಗ ಅದನ್ನು ಇನ್ನೊಂದೇ ಒಂದು ಸಲ ಕೇಳಬೇಕೆನಿಸಿತು.

ಸಾರಿನ ಕುದಿ ಇಳಿಯಿತು. ಕುದಿಯುವಾಗಲೇ ಒಡೆದು ಹಾಕಬೇಕಾದ ಮೊಟ್ಟೆಗಳು ಬಟ್ಟಲಲ್ಲೇ ಉಳಿದವು. ಓಕ್ಬುನ್ ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸುತ್ತಾ ಬಂದು, ಸಾರಿನಲ್ಲಿ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು.

"ಅಮ್ಮಾ, ಇವತ್ತೊಂದಿನ ತಿನ್ನಮ್ಮಾ," ಎಂದಳು ಹೇರಾನ್. "ನೀನು ಚಮಚ ಎತ್ತದೆ ನಾನು ಹೇಗೆ ಎತ್ಲಿ?"

ಮಾಲ್ಸುನ್ ಬೆಚ್ಚಿ ತಲೆ ಎತ್ತಿದಳು. ಮಗಳನ್ನು ನೋಡಿದಳು, ತನ್ನ ಪಕ್ಕದ ಖಾಲಿ ಮೆತ್ತೆಯನ್ನು ನೋಡಿದಳು.

"ಅಯ್ಯೋ, ಈಗ ನಾನೇ ಎತ್ಬೇಕಲ್ವಾ. ನಿಮ್ಮಪ್ಪ ಎತ್ಲಿ ಅಂತ ಕಾಯ್ತಾ ಕೂತಿದ್ದೆ ಕಣೇ."

ಓಕ್ಬುನ್ ಎರಡೂ ಕುಡಿಕೆಗಳನ್ನು ಒಯ್ದು, ಮತ್ತೆ ಕುದಿಸಿ ತಂದಿಟ್ಟು, ಒಲೆಯ ಕಡೆ ಹೋದಳು. ಮಾಲ್ಸುನ್ ಮಗಳ ಕುಡಿಕೆಗೊಂದು, ತನ್ನದಕ್ಕೊಂದು ಮೊಟ್ಟೆ ಒಡೆದು ಹಾಕಿದಳು. ಚಮಚ ಎತ್ತಿ, ಊದಿ, ಬಾಯಿಗಿಟ್ಟುಕೊಂಡಳು. ನುಂಗಿದಳು. ಆಮೇಲೆ ಮುಖ ಹಿಂಡಿದಳು.

"ಓಕ್ಬುನ್, ನಿಮ್ಮಮ್ಮನ ಕೈರುಚಿ ನಿಂಗೆ ಯಾವಾಗಮ್ಮಾ ಬರೋದು?"

ಒಲೆಯ ಮುಂದೆ ಓಕ್ಬುನಳ ಸೌಟು ನಿಂತಿತು. ಇತ್ತ ತಿರುಗದೆಯೇ, "ಮುಂದಿನ ಭಾನುವಾರ ಬನ್ನಿ ಅಕ್ಕಾ, ಬಂದಿರುತ್ತೆ," ಎಂದಳು.

ಹೇರಾನ್ ತನ್ನ ಚಮಚ ಎತ್ತಿಕೊಂಡಳು.