ಸಾಲಿನ ಕೊನೆಯ ಕೆಲಸ

ಲಿಫ್ಟ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಆಫೀಸು ನಮ್ಮದು. ಎಲ್ಲ ಕಡೆಯಂತೆ ಇಲ್ಲಿಯೂ ಬಾಕಿ ಕೆಲಸಗಳು ಬೆಳಿಗ್ಗೆ ಖುದ್ದಾಗಿ ಬಂದು ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಯಾವುದು ಮೊದಲೆಂದು ಹೇಳುವವಳು ನಾನು. ಗಟ್ಟಿಯಾಗಿ ಕೂಗುವ ನಾಲ್ಕನ್ನು ಒಳಗೆ ಬಿಟ್ಟು, ದೆವ್ವಕ್ಕೆ ಬರೆಯುವಂತೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತೇನೆ. ಉಳಿದವು ಶಾಪ ಹಾಕುತ್ತಾ ಹೋಗುತ್ತವೆ.

ಕೊನೆಯದೊಂದು ಮಾತ್ರ ಮೂರು ವರ್ಷದಿಂದ ಅದನ್ನು ಓದಿ, ತಲೆಯಾಡಿಸಿ, ಮಾರನೆಯ ದಿನ ತಪ್ಪದೆ ಬರುತ್ತಿತ್ತು. ಇವತ್ತು ಬರಲಿಲ್ಲ. ಕೂತಲ್ಲಿ ಕೂರಲಾಗದೆ ಐದು ಸಲ ಬಾಗಿಲು ತೆಗೆದು ನೋಡಿದೆ.

“ಹೋದ್ರೆ ಹೋಗ್ಲಿ ಬಿಡಿ ಮೇಡಂ, ಒಂದು ಕಮ್ಮಿಯಾಯ್ತು,” ಎಂದ ಪಕ್ಕದ ಟೇಬಲ್ಲಿನ ಮುನೀರ್.

“ಅದು ಯಾವ ಕೆಲಸ, ನೆನಪಿದೆಯೇನ್ರೀ?”

“ಟೀ ತರೋ ಚೆನ್ನಾಜಮ್ಮ ಕೇಳಿದ್ದಲ್ವಾ? ಲಿಫ್ಟ್ ಮಧ್ಯದಲ್ಲಿ ನಿಂತ್ರೆ ಒಳಗಿರೋರು ಕೂಗಿದ್ದು ಹೊರಗೆ ಕೇಳಿಸ್ಬೇಕು ಅಂತ.”

ಗಡಿಯಾರ ನೋಡಿದೆ. ಹನ್ನೊಂದು ದಾಟಿತ್ತು. ಹತ್ತು ಗಂಟೆಯ ಟೀ ಇನ್ನೂ ಬಂದಿರಲಿಲ್ಲ.

“ಮುನೀರ್, ಬೆಳಿಗ್ಗೆ ಮೇಲೆ ಹೇಗೆ ಬಂದ್ರಿ?”

“ಮೆಟ್ಟಿಲು ಹತ್ಕೊಂಡು, ಮೇಡಂ. ಎಷ್ಟು ಸಲ ಒತ್ತಿದ್ರೂ ಲಿಫ್ಟ್ ಬರ್ಲೇ ಇಲ್ಲ.”