ಹಸಿರೆಲ್ಲ ಕಾಡಲ್ಲ

ಐದೇ ದಿನಗಳಲ್ಲಿ ಕಾಡಿನ ನಡುವೆ ಒಂದು ಚೌಕ ಮಾಯವಾಗಿತ್ತು. ಭುವನೇಶ್ವರಿ ಕನ್ನಡಕ ಒರೆಸಿಕೊಂಡು ಪರದೆಗೆ ಇನ್ನಷ್ಟು ಬಾಗಿದಳು. ಉಪಗ್ರಹ ತೆಗೆದ ಹಿಂದಿನ ಚಿತ್ರದಲ್ಲಿ ದಟ್ಟ ಹಸಿರು. ಮುಂದಿನದರಲ್ಲಿ ಅದೇ ಜಾಗ ಗೆರೆ ಎಳೆದು ಕತ್ತರಿಸಿದಂತೆ ಬೋಳು. ಬೆಂಕಿ ಬಿದ್ದರೆ ಅಂಚು ಇಷ್ಟು ನೇರ ಇರುವುದಿಲ್ಲ. ಕಳ್ಳರು ಮರ ಕಡಿದರೂ ಇರುವುದಿಲ್ಲ. ಪಕ್ಕದ ಚೌಕವೂ ಹಾಗೆಯೇ ಹೋಗಿ, ನಾಲ್ಕು ತಿಂಗಳ ನಂತರದ ಚಿತ್ರದಲ್ಲಿ ಮತ್ತೆ ಬೆಳೆದು ನಿಂತಿತ್ತು.

ಕಾಡು ಹೀಗೆ ಬೆಳೆಯುವುದಿಲ್ಲ. ಅದು ಕಬ್ಬು.

ಉಪಗ್ರಹದ ಚಿತ್ರಗಳಿಂದ ಕಾಡಿನ ನಕ್ಷೆ ಮಾಡುವ ಪುಣೆಯ ಆ ಕಚೇರಿಯಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದಾಗ ಅವಳು ಮಾತ್ರ ಏಳಲಿಲ್ಲ. ಇಡೀ ಜಿಲ್ಲೆಯ ಕಾಡಿನ ಲೆಕ್ಕವನ್ನು ಮತ್ತೆ ಹಾಕಿದಳು. ಅದು ಮುಗಿಯುವ ಹೊತ್ತಿಗೆ ತಂಡದ ಮುಖ್ಯಸ್ಥೆ ಪ್ರಫುಲ್ಲಾ, ಕೋಥರೂಡ ಬಡಾವಣೆಯಲ್ಲಿರುವ ತಮ್ಮ ತಂದೆಯ ಹೋಟೆಲಿನಿಂದ ತರಿಸಿದ ಪೇಢೆಯ ಪೆಟ್ಟಿಗೆ ಹಿಡಿದು ಬಂದರು. ಜಿಲ್ಲೆಯಲ್ಲಿ ಕಾಡು ಹೆಚ್ಚಿದೆಯೆಂದು ಬೆಳಿಗ್ಗೆಯೇ ದಿಲ್ಲಿಯ ಮೇಲಧಿಕಾರಿಗೆ ಹೇಳಿಯಾಗಿತ್ತು. ದೇಶವು ಜಗತ್ತಿನ ಮುಂದಿಡುವ ಹವಾಮಾನ ವರದಿಗೆ ಆ ಅಂಕಿ ಸಂಜೆ ಹೋಗಬೇಕಿತ್ತು.

“ತಗೋ ಮಾರಾಯ್ತಿ. ನಿನ್ನ ನಕ್ಷೆಯದ್ದೇ ಪೇಢೆ ಇದು,” ಎಂದರು, ಮರಾಠಿಯಿಂದ ಕನ್ನಡಕ್ಕೆ ಹೊರಳಿ.

ಭುವನೇಶ್ವರಿ ಕೈ ಚಾಚಲಿಲ್ಲ. ಅವಳ ಗುತ್ತಿಗೆ ಮುಂದಿನ ತಿಂಗಳು ಮುಗಿಯುವುದಿತ್ತು; ಮುಂದುವರಿಸುವುದು, ಬಿಡುವುದು ಎಲ್ಲ ಈ ಪೆಟ್ಟಿಗೆ ಹಿಡಿದವರ ಕೈಯಲ್ಲೇ ಇತ್ತು.

“ಮೇಡಂ, ಒಂದು ತಪ್ಪಾಗೇದ್ರಿ. ಮಳಿಗಾಲದಾಗ ಮೋಡ ಅಡ್ಡ ಬರ್ತಾವಂತ ಮಾರ್ಚ್ ತಿಂಗಳ ಚಿತ್ರ ತಗೊಂಡಿವಿ. ಆಗ ಖರೇ ಕಾಡು ಎಲಿ ಉದುರಿಸಿ ಬೋಳಾಗಿರ್ತದ. ಹಸಿರು ಉಳಿಯೂದು ಕಬ್ಬು. ಕಂಪ್ಯೂಟರ್ ಅದನ್ನೇ ಕಾಡು ಅಂದದ.”

“ಅಷ್ಟೂ ಕಬ್ಬಾ?”

“ಹೆಚ್ಚಾಗಿದ್ದಷ್ಟೂ ಕಬ್ಬೇ ರೀ. ಅದನ್ನ ತೆಗೆದು, ಬೋಳು ಕಾಡು ಸೇರಿಸಿ ನೋಡಿದೆ. ಹೋದ ಸಲಕ್ಕಿಂತ ಕಡಿಮಿನೇ ಆಗೇದ.”

ಪ್ರಫುಲ್ಲಾ ಪೆಟ್ಟಿಗೆ ಮುಚ್ಚಿದರು. ಕುರ್ಚಿ ಎಳೆದುಕೊಂಡು ಕೂತು, ಚೌಕಗಳನ್ನು ಒಂದೊಂದಾಗಿ ತಾವೇ ತೆರೆದು ನೋಡಿದರು. ಭುವನೇಶ್ವರಿ ಅವರ ಮುಖ ನೋಡುವ ಧೈರ್ಯವಿಲ್ಲದೆ ಅವರ ಬೆರಳುಗಳನ್ನೇ ನೋಡುತ್ತ ನಿಂತಳು.

“ಜುನ್ನರದ ಕಡೆ ಚಿರತೆಗಳು ಕಬ್ಬಿನ ಗದ್ದೆಯಲ್ಲೇ ಮರಿ ಹಾಕ್ತವೆ,” ಎಂದರು ಪ್ರಫುಲ್ಲಾ ಕೊನೆಗೆ, ಅರ್ಧ ತಮಾಷೆ, ಅರ್ಧ ದಣಿವು. “ಅವೇ ಅದನ್ನು ಕಾಡು ಅಂತ ಒಪ್ಪಿಕೊಂಡಿವೆ. ನಿಂಗೆಂತ ಕಷ್ಟ?”

“ಚಿರತಿ ವರದಿಗೆ ಸಹಿ ಮಾಡೂದಿಲ್ರಿ ಮೇಡಂ. ನಾವು ಮಾಡ್ತೀವಿ.”

ಅಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು; ಅಲ್ಲಿಯವರೆಗೆ ತೂಗಿ ನೋಡದೆ ಒಂದು ಮಾತೂ ಆಡಿದವಳಲ್ಲ.

ಪ್ರಫುಲ್ಲಾ ದಿಲ್ಲಿಗೆ ಫೋನ್ ಮಾಡಿ, ಬೆಳಿಗ್ಗೆ ಹೇಳಿದ ಅಂಕಿ ತಪ್ಪು ಎಂದರು. ಆಚೆಯ ದನಿ ಏರುತ್ತ ಹೋದದ್ದು ಭುವನೇಶ್ವರಿಗೂ ಕೇಳಿಸಿತು. ಅದು ಇಳಿಯುವ ತನಕ ಪ್ರಫುಲ್ಲಾ ಕಾದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮಗಳಿಗೆ ರ‍್ಯಾಂಕ್ ಬಂದದ್ದನ್ನು ನೆರೆಮನೆಗೆ ಹೇಳುವ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು:

“ಹೌದು ಸರ್, ಕಾಡು ಕಡಿಮೆಯಾಗಿದೆ. ಕಡಿಮೆ ಮಾಡಿದವಳು ನಮ್ಮ ಹುಡುಗಿ.”